ಎರಡು ವರ್ಷ ದುಡಿದವನು ಗೆದ್ದ ಗಳಿಗೆಯಲ್ಲೇ ಯಾಕೆ ಓಡಿಹೋದ?

ಪ್ರಶ್ನೆ: ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಮೊದಲ ಸಲ ಓದುತ್ತಿದ್ದೇನೆ. ಐದನೇ ಅಧ್ಯಾಯವೇ ಅದರ ಜೀವಾಳ ಅಂತ ಕೇಳಿದ್ದೆ. ಸಿಡಿಲು, ಮಿಂಚು, ದೊಡ್ಡ ಯಂತ್ರಗಳು ಇರುತ್ತವೆ ಅಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. ಮೊದಲ ಪ್ಯಾರಾದಲ್ಲೇ, ವಿಜ್ಞಾನದ ವಿದ್ಯಾರ್ಥಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಮಾಡಿದ ದೇಹಕ್ಕೆ ಜೀವ ಬರುತ್ತದೆ, ಮರುಕ್ಷಣವೇ ಅವನು ಕೋಣೆ ಬಿಟ್ಟು ಓಡುತ್ತಾನೆ. ಎರಡು ವರ್ಷ ಹಗಲಿರುಳು ದುಡಿದವನು ಗೆದ್ದ ಗಳಿಗೆಯಲ್ಲೇ ಹೀಗೆ ಓಡುವುದು ನಂಬುವ ಹಾಗಿಲ್ಲ. ಪ್ರಯೋಗದಲ್ಲಿ ತಪ್ಪಾದದ್ದೇನು? ಅಥವಾ ಬರೆದವಳು ಚಿಕ್ಕವಳು, ಅನುಭವ ಸಾಲದೆ ಹೀಗಾಯಿತೇ?

ಉತ್ತರ: ಪ್ರಯೋಗದಲ್ಲಿ ಏನೂ ತಪ್ಪಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚಿನ ಓದುಗರು ಎಡವುವುದು ಇಲ್ಲೇ. ವಿಕ್ಟರ್ ಏನು ಮಾಡಲು ಹೊರಟನೋ ಅದು ಪೂರ್ತಿ ಕೈಗೂಡಿತು. ಹೆಣದ ಅಂಗಗಳನ್ನು ಜೋಡಿಸಿ ಮಾಡಿದ ದೇಹ ಕಣ್ಣು ಬಿಟ್ಟಿತು, ಉಸಿರಾಡಿತು, ಕೈಕಾಲು ಆಡಿಸಿತು. ಕೆಟ್ಟದ್ದು ಅದರ ನಂತರದ ನಿಮಿಷ. ಇಡೀ ಅಧ್ಯಾಯ ಆ ಒಂದು ನಿಮಿಷದ ಬಗ್ಗೆ ಇದೆ ಅಂತಲೇ ನಾನು ಓದುತ್ತೇನೆ.

ಹಾಗಂತ ನಿಮ್ಮ ನಿರೀಕ್ಷೆ ನಿಮ್ಮ ತಪ್ಪಲ್ಲ. ಈ ಕಾದಂಬರಿಯನ್ನು ಪಾಠ ಮಾಡುತ್ತಿದ್ದಾಗ, ಈ ಅಧ್ಯಾಯಕ್ಕೆ ಕೈ ಹಾಕುವ ಮುಂಚೆ ‘ಜೀವ ಬರುವ ದೃಶ್ಯವನ್ನು ನೀವೇ ಬರೆಯಿರಿ’ ಅಂತ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಪುಸ್ತಕ ಮುಟ್ಟದವರೂ ಗುಡುಗು ಸಿಡಿಲು ಬರೆದೇ ತೀರುತ್ತಿದ್ದರು. ಅದು 1931ರ ಹಾಲಿವುಡ್ ಚಿತ್ರದ ಪ್ರಭಾವ. ಜೇಮ್ಸ್ ವೇಲ್ ನಿರ್ದೇಶಿಸಿ ಬೋರಿಸ್ ಕಾರ್ಲಾಫ್ ನಟಿಸಿದ ಆ ಚಿತ್ರದಲ್ಲಿ ದೇಹವನ್ನು ಮಲಗಿಸಿದ ಮೇಜನ್ನು ಬಿರುಗಾಳಿಯ ನಡುವೆ ಛಾವಣಿಯತ್ತ ಏರಿಸುತ್ತಾರೆ, ಸುತ್ತಲೂ ಯಂತ್ರಗಳಿಂದ ಕಿಡಿ ಹಾರುತ್ತದೆ. ಇನ್ನೊಂದು ಸಂಗತಿಯೂ ಆ ಚಿತ್ರದ್ದೇ: ಸಹಾಯಕ ತಪ್ಪಿ ಅಪರಾಧಿಯೊಬ್ಬನ ಮಿದುಳನ್ನು ಕದ್ದು ತರುತ್ತಾನೆ. ಅಂದರೆ ಸಿನಿಮಾಕ್ಕೆ ಒಂದು ತಾಂತ್ರಿಕ ದೋಷ ಬೇಕಾಯಿತು. ಮಿದುಳು ಸರಿಯಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ ಎಂಬ ಸಮಾಧಾನವನ್ನು ಅದು ನೋಡುಗನಿಗೆ ಕೊಡುತ್ತದೆ. ಮೇರಿ ಆ ಸಮಾಧಾನ ಕೊಡುವುದಿಲ್ಲ. ಕಾದಂಬರಿಯಲ್ಲಿ ಸಹಾಯಕನೂ ಇಲ್ಲ, ಕೆಟ್ಟ ಮಿದುಳೂ ಇಲ್ಲ. ಮನೆಯ ಮೇಲ್ಗಡೆ, ಉಳಿದ ಕೋಣೆಗಳಿಂದ ಬೇರೆಯಾಗಿರುವ ಒಂದು ಒಂಟಿ ಕೋಣೆ, ಒಬ್ಬ ಯುವಕ, ಒಂದು ಮೋಂಬತ್ತಿ. ಅಷ್ಟೇ.

ಈಗ ಆ ಮೊದಲ ಪ್ಯಾರಾವನ್ನೇ ಹತ್ತಿರದಿಂದ ನೋಡೋಣ. ನವೆಂಬರಿನ ಒಂದು ಮಂಕು ರಾತ್ರಿ. ಹೊತ್ತು ಒಂದು ಗಂಟೆ. ಕಿಟಕಿ ಗಾಜಿಗೆ ಮಳೆ ಪಟಪಟ ಬಡಿಯುತ್ತಿದೆ, ಮೋಂಬತ್ತಿ ಇನ್ನೇನು ಮುಗಿಯಬೇಕು. ಆ ಅರೆಬೆಳಕಿನಲ್ಲಿ ಒಂದು ಮಂದವಾದ ಹಳದಿ ಕಣ್ಣು ತೆರೆಯುತ್ತದೆ. ಮಳೆಯಿದೆ, ಸಿಡಿಲಿಲ್ಲ. ‘ಜೀವದ ಉಪಕರಣಗಳು’ ಅಂತ ಒಂದು ಮಾತಿದೆ, ಅವು ಯಾವುವು ಅಂತ ಹೇಳುವುದಿಲ್ಲ. ‘ಇರವಿನ ಕಿಡಿ’ ಎಂಬ ಇನ್ನೊಂದು ಮಾತಿದೆ, ವಿದ್ಯುತ್ತಿನ ಸುಳಿವು ಇದ್ದರೆ ಅದೊಂದರಲ್ಲೇ. ಅಂದಿನ ಓದುಗರಿಗೆ ಆ ಸುಳಿವು ಸಾಕಾಗಿತ್ತು. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು 1791ರಲ್ಲಿ ಪ್ರಕಟಿಸಿದ್ದ. ಅವನ ಸೋದರಳಿಯ ಆಲ್ಡೀನಿ 1803ರಲ್ಲಿ ಲಂಡನ್ನಿನಲ್ಲಿ, ನೇಣಿಗೇರಿಸಿದ ಒಬ್ಬ ಕೈದಿಯ ಶವಕ್ಕೆ ವಿದ್ಯುತ್ ಹಾಯಿಸಿ ತೋರಿಸಿದ. ದವಡೆ ನಡುಗಿತು, ಒಂದು ಕಣ್ಣು ತೆರೆಯಿತು ಅಂತ ಆಗಿನ ವರದಿಗಳಲ್ಲಿದೆ. ಆದರೆ ಮೇರಿ ಕಪ್ಪೆ, ತಂತಿ, ಬ್ಯಾಟರಿ ಎಲ್ಲವನ್ನೂ ಪಕ್ಕಕ್ಕಿಟ್ಟು ಆ ಕಣ್ಣೊಂದನ್ನು ಉಳಿಸಿಕೊಂಡಿದ್ದಾಳೆ.

ಮೊದಲ ಪ್ಯಾರಾದಲ್ಲಿ ಆ ಜೀವಿಗೆ ಆಕೆ ಬಳಸುವುದು ಇಂಗ್ಲಿಷಿನ ‘ಇಟ್’, ನಮ್ಮ ‘ಅದು’. ಅದು ಬಲವಾಗಿ ಉಸಿರೆಳೆಯಿತು, ಅದರ ಕೈಕಾಲು ಸೆಟೆದು ಅದುರಿದವು. ಮರುಪ್ಯಾರಾದಲ್ಲಿ ಏಕಾಏಕಿ ‘ಅವನ’ ಕೈಕಾಲು ಅಳತೆಗೆ ಸರಿಯಾಗಿದ್ದವು, ‘ಅವನ’ ಚರ್ಮ ಹಳದಿಯಾಗಿತ್ತು ಅಂತ ಬರುತ್ತದೆ. ಕನ್ನಡದಲ್ಲಿ ಓದಿಕೊಂಡಾಗ ಈ ಜಾಗದಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ. ಇಂಗ್ಲಿಷಿನವರಿಗೆ ‘ಇಟ್’ ಅಂದರೆ ಹೆಚ್ಚಾಗಿ ವಸ್ತು, ಪ್ರಾಣಿ. ನಮಗೆ ‘ಅದು’ ಅಂದರೆ ಅವೆರಡರ ಜೊತೆಗೆ ಮಗುವೂ ಹೌದು. ಮಗು ಅತ್ತಿತು, ಮಗು ಕಣ್ಣು ಬಿಟ್ಟಿತು ಅನ್ನುತ್ತೇವೆ. ‘ಅದು ಕಣ್ಣು ಬಿಟ್ಟಿತು, ಉಸಿರಾಡಿತು, ಕೈಕಾಲು ಬಡಿಯಿತು’ ಎಂಬ ವಾಕ್ಯವನ್ನು ಹಿಂದುಮುಂದಿಲ್ಲದೆ ನಮ್ಮ ಅಜ್ಜಿಯಂದಿರಿಗೆ ಓದಿ ಹೇಳಿ. ಯಾರ ಮನೆಯಲ್ಲಿ ಹೆರಿಗೆಯಾಯಿತು ಅಂತಲೇ ಅವರು ಕೇಳುವುದು.

ಅದೇ ಸರಿಯಾದ ಪ್ರಶ್ನೆ. ಇದು ಒಂದು ಹುಟ್ಟು. ಮೇರಿ ಇದನ್ನು ಆವಿಷ್ಕಾರದ ಹಾಗೆ ಬರೆದಿಲ್ಲ, ಹೆರಿಗೆಯ ಹಾಗೆ ಬರೆದಿದ್ದಾಳೆ. ‘ಅನುಭವ ಸಾಲದೆ ಹೀಗಾಯಿತೇ’ ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರವೂ ಇಲ್ಲೇ ಇದೆ. ಮೇರಿ ಹುಟ್ಟಿದ್ದು 1797ರ ಆಗಸ್ಟ್ 30ರಂದು. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಹೆಣ್ಣಿನ ಹಕ್ಕುಗಳ ಪರವಾಗಿ ಬರೆದ ದೊಡ್ಡ ಲೇಖಕಿ, ಸೂತಿಕಾಜ್ವರದಿಂದ ಸೆಪ್ಟೆಂಬರ್ 10ರಂದು ತೀರಿಕೊಂಡಳು. ತನ್ನ ಹುಟ್ಟೇ ತಾಯಿಯ ಸಾವಾಯಿತು ಎಂಬ ಅರಿವಿನಲ್ಲಿ ಬೆಳೆದ ಹುಡುಗಿ ಇವಳು. 1815ರ ಫೆಬ್ರುವರಿ 22ರಂದು, ಹದಿನೇಳನೇ ವಯಸ್ಸಿನಲ್ಲಿ, ದಿನ ತುಂಬುವ ಮೊದಲೇ ಹೆಣ್ಣುಮಗುವನ್ನು ಹೆತ್ತಳು. ಅದಕ್ಕೆ ಹೆಸರಿಡುವ ಮೊದಲೇ, ಮಾರ್ಚ್ 6ರ ಬೆಳಿಗ್ಗೆ ನೋಡಿದರೆ ಅದು ತೀರಿಕೊಂಡಿತ್ತು. ಮಾರ್ಚ್ 19ರ ದಿನಚರಿಯಲ್ಲಿ ಆಕೆ ಬರೆದಿದ್ದು ಇಷ್ಟು: ನನ್ನ ಪುಟ್ಟ ಮಗುವಿಗೆ ಮತ್ತೆ ಜೀವ ಬಂತು ಅಂತ ಕನಸು. ಅದಕ್ಕೆ ಬರೀ ಚಳಿಯಾಗಿತ್ತಂತೆ, ಬೆಂಕಿಯ ಮುಂದೆ ಹಿಡಿದು ಮೈ ಉಜ್ಜಿದೆವಂತೆ, ಬದುಕಿಕೊಂಡಿತಂತೆ. ಎಚ್ಚರವಾದಾಗ ಮಗು ಇಲ್ಲ.

ಈ ನಾಲ್ಕು ಸಾಲು ನೆನಪಿಟ್ಟುಕೊಳ್ಳಿ. ಚಳಿ, ಬೆಂಕಿ, ಉಜ್ಜುವ ಕೈ. ಮತ್ತೆ ಬೇಕಾಗುತ್ತದೆ.

ಮುಂದಿನ ವರ್ಷ, 1816ರ ಜೂನಿನಲ್ಲಿ, ಜಿನೀವಾ ಸರೋವರದ ದಂಡೆಯಲ್ಲಿ ಕಾದಂಬರಿ ಶುರುವಾಯಿತು. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರ ಏಪ್ರಿಲ್‌ನಲ್ಲಿ ಸಿಡಿದು, ಅದರ ಬೂದಿಯಿಂದಾಗಿ ಯೂರೋಪಿನಲ್ಲಿ 1816ರಲ್ಲಿ ಬೇಸಿಗೆಯೇ ಬರಲಿಲ್ಲ. ಮಳೆಗೆ ಮನೆಯೊಳಗೆ ಸಿಕ್ಕಿಬಿದ್ದಿದ್ದ ಕವಿ ಬೈರನ್, ಮೇರಿಯ ಸಂಗಾತಿಯಾಗಿದ್ದ ಕವಿ ಪರ್ಸಿ ಶೆಲ್ಲಿ, ಬೈರನ್‌ನ ವೈದ್ಯ ಪೊಲಿಡೋರಿ, ಮೇರಿ ತಲಾ ಒಂದು ದೆವ್ವದ ಕಥೆ ಬರೆಯುವ ಪಂಥ ಕಟ್ಟಿದ್ದನ್ನು ನೀವೂ ಕೇಳಿರುತ್ತೀರಿ. ಕಡಿಮೆ ಹೇಳಲ್ಪಡುವ ಸಂಗತಿ ಬೇರೆ: ಆಗ ಮೇರಿಯ ಜೊತೆಯಲ್ಲಿ ಐದು ತಿಂಗಳ ಕೂಸು ವಿಲಿಯಂ ಇದ್ದ. ಆಕೆಗೆ ಹದಿನೆಂಟು ವರ್ಷ. ಒಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಕಣ್ಣಮುಂದೆ ಬಂದ ಚಿತ್ರವನ್ನು ಬರೆದಳು. ‘ನವೆಂಬರಿನ ಒಂದು ಮಂಕು ರಾತ್ರಿ’ ಎಂಬ ಮಾತಿನಿಂದಲೇ ಬರೆಯಲು ತೊಡಗಿದೆ ಅಂತ 1831ರ ಮುನ್ನುಡಿಯಲ್ಲಿ ತಾನೇ ಹೇಳಿದ್ದಾಳೆ. ಅಂದರೆ ನೀವು ಅವಸರದ್ದು ಅಂದುಕೊಂಡ ಈ ಅಧ್ಯಾಯವೇ ಮೊದಲು ಹುಟ್ಟಿದ್ದು. ಹಿಂದಿನ ನಾಲ್ಕೂ ಅಧ್ಯಾಯಗಳು ಇದಕ್ಕಾಗಿ ಆಮೇಲೆ ಕಟ್ಟಿದ ಮೆಟ್ಟಿಲು. (ನಿಮ್ಮ ಕೈಯಲ್ಲಿರುವುದು 1831ರಲ್ಲಿ ಮೇರಿ ತಿದ್ದಿದ ಆವೃತ್ತಿ. 1818ರ ಮೊದಲ ಮುದ್ರಣದಲ್ಲಿ ಇದು ಮೊದಲ ಸಂಪುಟದ ನಾಲ್ಕನೇ ಅಧ್ಯಾಯ. ಹಳೆಯ ಮುದ್ರಣ ಸಿಕ್ಕರೆ ಗಲಿಬಿಲಿಯಾಗಬೇಡಿ.)

ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಆಕೆಯ ಕರಡು ಪುಸ್ತಕಗಳಿವೆ. ಈ ಅಧ್ಯಾಯದ ಮೊದಲ ವಾಕ್ಯದಲ್ಲಿ ಮೊದಲು ಇದ್ದದ್ದು ‘ನನ್ನ ಮನುಷ್ಯ ಪೂರ್ತಿಯಾದದ್ದನ್ನು ಕಂಡೆ’ ಎಂಬರ್ಥದ ಮಾತು. ಅಚ್ಚಿನಲ್ಲಿ ಅದು ‘ನನ್ನ ದುಡಿಮೆ ಕೈಗೂಡಿದ್ದನ್ನು ಕಂಡೆ’ ಅಂತಾಗಿದೆ. ಮನುಷ್ಯ ಹೋಗಿ ದುಡಿಮೆ ಬಂತು. ವಿಕ್ಟರನ ಮನಸ್ಸಿಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಎರಡು ವರ್ಷ ಅವನ ಕಣ್ಣಿಗೆ ಕಂಡದ್ದು ಕೆಲಸ, ಮೇಜಿನ ಮೇಲೆ ಒಬ್ಬನಿದ್ದಾನೆ ಅಂತ ಹೊಳೆದದ್ದು ಕಣ್ಣು ತೆರೆದಾಗಲೇ. ಇನ್ನೊಂದು ತಿದ್ದುಪಡಿ ಪರ್ಸಿಯ ಕೈಯದ್ದು. ಆ ಜೀವಿಯ ಮುಖಲಕ್ಷಣಕ್ಕೆ ಮೇರಿ ‘ಹ್ಯಾಂಡ್‌ಸಮ್’ ಅಂದಿದ್ದಳು, ಗಂಡಸನ್ನು ನೋಡಿ ಹೇಳುವ ಮಾತು. ಪರ್ಸಿ ಅದನ್ನು ‘ಬ್ಯೂಟಿಫುಲ್’ ಮಾಡಿದ. ಕಲಾಕೃತಿಯನ್ನು ನೋಡಿ ಹೇಳುವ ಮಾತಾಯಿತು. ನನಗೆ ಮೇರಿಯ ಪದವೇ ಇಷ್ಟ, ಆದರೆ ಪರ್ಸಿಯ ಪದ ವಿಕ್ಟರನ ತಪ್ಪನ್ನು ಇನ್ನೂ ಬಯಲು ಮಾಡುತ್ತದೆ.

ಯಾಕೆಂದರೆ ಆ ಸೌಂದರ್ಯದ ಪಟ್ಟಿಯನ್ನು ನೋಡಿ: ಹೊಳೆಯುವ ಕಪ್ಪು ಕೂದಲು, ಮುತ್ತಿನಂಥ ಬಿಳಿ ಹಲ್ಲು, ಅಳತೆಗೊಪ್ಪುವ ಅಂಗಾಂಗ. ಒಂದೊಂದೂ ಚೆನ್ನ. ಒಟ್ಟುಗೂಡಿ ಅಲುಗಿದಾಗ ಭಯಂಕರ. ಸ್ನಾಯು ನಾಳಗಳನ್ನು ಮುಚ್ಚಲಿಕ್ಕೂ ಸಾಲದ ಹಳದಿ ಚರ್ಮ, ನೀರಾಡುವ ಕಣ್ಣು, ಕಪ್ಪು ತುಟಿ. ಬಿಡಿಬಿಡಿಯಾಗಿ ಆರಿಸಿದವನು ಇಡಿಯಾಗಿ ಒಮ್ಮೆಯೂ ಊಹಿಸಿಕೊಳ್ಳಲಿಲ್ಲ. ಎಂಟು ಅಡಿ ಎತ್ತರವೂ ಅಷ್ಟೇ. ಸಣ್ಣ ಸಣ್ಣ ಭಾಗಗಳನ್ನು ಮಾಡುತ್ತಾ ಕೂತರೆ ಕೆಲಸ ತಡವಾಗುತ್ತದೆ, ಅದಕ್ಕೇ ದೊಡ್ಡದಾಗಿ ಮಾಡಿದೆ ಅಂತ ನಾಲ್ಕನೇ ಅಧ್ಯಾಯದಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ. ಜೀವಮಾನವಿಡೀ ಆ ಮೈಯೊಳಗೆ ಇರಬೇಕಾದವನ ಎತ್ತರವನ್ನು ನಿರ್ಧರಿಸಿದ್ದು ಮಾಡುವವನ ಅವಸರ.

ಇನ್ನೊಂದು ಸಾಲನ್ನು ಬಹಳ ಮಂದಿ ಗಮನಿಸದೆ ದಾಟುತ್ತಾರೆ. ಚೆಲುವಾಗಿರಲಿ ಅಂತ ಆರಿಸಿದೆ ಅಂದವನೇ ಒಂದೆರಡು ಪುಟ ಕಳೆದು, ‘ಪೂರ್ತಿಯಾಗದಿದ್ದಾಗಲೂ ಅವನನ್ನು ನೋಡಿದ್ದೆ, ಆಗಲೇ ಕುರೂಪಿಯಾಗಿದ್ದ’ ಅನ್ನುತ್ತಾನೆ. ಯಾವುದು ನಿಜ? ಎರಡೂ ಅವನದೇ ಮಾತು. ಇದೆಲ್ಲ ನಡೆದು ವರ್ಷಗಳಾದ ಮೇಲೆ, ಉತ್ತರದ ಮಂಜುಗಡ್ಡೆಯ ನಡುವೆ, ವಾಲ್ಟನ್ ಎಂಬ ನಾವಿಕನ ಹಡಗಿನಲ್ಲಿ ಕಾಯಿಲೆ ಬಿದ್ದು ಮಲಗಿ ಅವನು ಹೇಳುತ್ತಿರುವ ಕಥೆ ಇದು. ತಾನು ಓಡಿದ್ದಕ್ಕೆ ಕಾರಣ ಹುಡುಕುತ್ತಿದ್ದಾನೆ. ಕುರೂಪವೇ ಕಾರಣವಾಗಿದ್ದರೆ ಎಂದೋ ಓಡಬೇಕಿತ್ತು. ಕುರೂಪವನ್ನು ತಿಂಗಳುಗಟ್ಟಲೆ ಸಹಿಸಿದ್ದ. ಅದು ತಿರುಗಿ ನೋಡಿದ್ದನ್ನು ಸಹಿಸಲಾಗಲಿಲ್ಲ.

ಹಾಗಾದರೆ ನೀವು ಕೇಳಿದ ‘ನಂಬುವ ಹಾಗಿಲ್ಲ’? ಅದಕ್ಕೆ ನಾಲ್ಕನೇ ಅಧ್ಯಾಯಕ್ಕೆ ಒಂದು ಹೆಜ್ಜೆ ಹಿಂದೆ ಹೋಗಬೇಕು. ಹೊಸದೊಂದು ಜೀವಕುಲ ನನ್ನನ್ನು ತನ್ನ ಮೂಲವೆಂದು ಹರಸುತ್ತದೆ, ಯಾವ ತಂದೆಗೂ ತನ್ನ ಮಗುವಿನಿಂದ ಸಿಗದಷ್ಟು ಕೃತಜ್ಞತೆ ನನಗೆ ಸಲ್ಲುತ್ತದೆ ಅಂತ ವಿಕ್ಟರ್ ಅಲ್ಲಿ ಕನಸು ಕಾಣುತ್ತಾನೆ. ತಂದೆ ಎಂಬ ಪದ ಬಂದಿದೆ. ಮಗುವಿನಿಂದ ತನಗೇನು ಬರಬೇಕು ಎಂಬ ಲೆಕ್ಕವೂ ಇದೆ. ತಾನೇನು ಕೊಡಬೇಕು ಎಂಬುದು ಎಲ್ಲೂ ಇಲ್ಲ. ಎದ್ದವನಿಗೆ ಮೊದಲು ಏನು ತಿನ್ನಿಸುವುದು, ಏನು ಹೊದಿಸುವುದು, ಎಲ್ಲಿ ಮಲಗಿಸುವುದು, ಏನಂತ ಕರೆಯುವುದು? ಎರಡು ವರ್ಷದಲ್ಲಿ ಒಂದು ಹೆಸರನ್ನೂ ಯೋಚಿಸಿರಲಿಲ್ಲ. ಬಸುರಿಯ ಮನೆಯಲ್ಲಿ ಹಳೆ ಸೀರೆ ಹರಿದು ಮಡಿಸಿಡುವುದು ತಿಂಗಳುಗಳ ಮುಂಚೆ ಶುರುವಾಗುತ್ತದೆ. ವಿಕ್ಟರನ ಕೋಣೆಯಲ್ಲಿ ಉಪಕರಣ ಬಿಟ್ಟರೆ ಏನೂ ಇರಲಿಲ್ಲ. ಸಿದ್ಧತೆಯೆಲ್ಲ ಜೀವ ಬರುವವರೆಗಿನದು, ಬಂದ ಮೇಲಿನದು ಶೂನ್ಯ. ಆ ಶೂನ್ಯ ಕಣ್ಣು ಬಿಟ್ಟು ನೋಡಿದಾಗ ಅವನು ಓಡಿದ. ನನಗೆ ಇದಕ್ಕಿಂತ ನಂಬಲರ್ಹವಾದ ಓಟ ಇನ್ನೊಂದು ಕಾಣುವುದಿಲ್ಲ.

ನಮ್ಮಲ್ಲಿ ಈ ಕಥೆ ಕೇಳಿದವರು ಥಟ್ಟನೆ ‘ಓ, ಭಸ್ಮಾಸುರ’ ಅನ್ನುತ್ತಾರೆ. ಹೋಲಿಕೆ ಅರ್ಧ ದಾರಿಗೇ ನಿಲ್ಲುತ್ತದೆ. ಭಸ್ಮಾಸುರ ವರ ಕೊಟ್ಟವನ ತಲೆಯ ಮೇಲೇ ಕೈಯಿಡಲು ಹೊರಟ, ಆಮೇಲೆ ಶಿವ ಓಡಿದ. ಇಲ್ಲಿ ಮಾಡಿದವನು ಮೊದಲು ಓಡುತ್ತಾನೆ. ಕೈ ಇಲ್ಲೂ ಒಂದು ಬರುತ್ತದೆ, ಆದರೆ ಯಾಕೆ ಬರುತ್ತದೆ ನೋಡಿ.

ಓಡಿಹೋದ ವಿಕ್ಟರ್ ಮಲಗುವ ಕೋಣೆಯಲ್ಲಿ ಬಟ್ಟೆ ಬಿಚ್ಚದೆ ಹಾಸಿಗೆಗೆ ಬೀಳುತ್ತಾನೆ. ಕನಸು. ಅವನು ಓದುವ ಊರು ಇಂಗೋಲ್‌ಸ್ಟಾಟ್‌ನ ಬೀದಿಯಲ್ಲಿ, ಅವನು ಮದುವೆಯಾಗಬೇಕಿರುವ ಎಲಿಜಬೆತ್, ಮೈತುಂಬ ಆರೋಗ್ಯ. ಅಪ್ಪಿ ಮುತ್ತಿಟ್ಟರೆ ತುಟಿ ನೀಲಿಗಟ್ಟುತ್ತದೆ, ತೋಳಿನಲ್ಲಿರುವುದು ಸತ್ತ ತಾಯಿ. ಶವವಸ್ತ್ರದ ಮಡಿಕೆಗಳಲ್ಲಿ ಹುಳ ಹರಿಯುತ್ತಿವೆ. ಎಲಿಜಬೆತ್‌ಳ ಜ್ವರಕ್ಕೆ ಶುಶ್ರೂಷೆ ಮಾಡಿ ಅದೇ ಜ್ವರ ತಗುಲಿ ಸತ್ತ ತಾಯಿ ಅವಳು ಎಂಬುದನ್ನು ಮೂರನೇ ಅಧ್ಯಾಯದಲ್ಲಿ ಓದಿದ್ದೀರಿ. ಕಾಯಿಲೆಯವರ ಹಾಸಿಗೆ ಬಿಟ್ಟು ಕದಲದವಳ ಮಗ, ಈಗಷ್ಟೇ ಹುಟ್ಟಿದವನನ್ನು ಬಿಟ್ಟು ಬಂದು ಮಲಗಿದ್ದಾನೆ. ತಾಯಿ ಕನಸಿಗೆ ಬಾರದೆ ಇನ್ನು ಯಾರು ಬರಬೇಕು?

ಬೆಚ್ಚಿ ಎಚ್ಚರವಾಗುತ್ತದೆ. ಕಿಟಕಿಯ ಬಾಗಿಲುಗಳ ಸಂದಿಯಿಂದ ಬೆಳದಿಂಗಳು. ಹಾಸಿಗೆಯ ಪರದೆಯನ್ನು ಎತ್ತಿ ಹಿಡಿದು, ತಾನು ಮಾಡಿದವನೇ ನಿಂತಿದ್ದಾನೆ. ದವಡೆ ತೆರೆಯುತ್ತದೆ, ಅರ್ಥವಾಗದ ಏನೋ ಸದ್ದು, ಕೆನ್ನೆ ಸುಕ್ಕುಗಟ್ಟುವಂಥ ನಗೆ. ಏನಾದರೂ ಮಾತಾಡಿರಲೂಬಹುದು, ನನಗೆ ಕೇಳಿಸಲಿಲ್ಲ ಅನ್ನುತ್ತಾನೆ ವಿಕ್ಟರ್. ಒಂದು ಕೈ ಮುಂದಕ್ಕೆ ಚಾಚಿತ್ತು, ‘ನನ್ನನ್ನು ತಡೆದು ನಿಲ್ಲಿಸಲು ಎಂಬಂತೆ’. ಆ ‘ಎಂಬಂತೆ’ ಇದೆಯಲ್ಲ, ಇಡೀ ಕಾದಂಬರಿ ಅದರ ಮೇಲೆ ನಿಂತಿದೆ. ಕೈ ಚಾಚಿದ್ದು ವಾಸ್ತವ. ಹಿಡಿದುಹಾಕಲು ಎಂಬುದು ವಿಕ್ಟರನ ಊಹೆ. ಹುಟ್ಟಿ ಗಂಟೆಗಳೂ ಆಗದ ಜೀವ, ಮಾತು ಬಾರದೆ ತೊದಲಿ, ನಕ್ಕು, ಕೈ ಚಾಚಿತು ಅಂತ ಬೇರೆ ಯಾರಾದರೂ ಹೇಳಿದ್ದರೆ ನಾವು ಏನಂತ ಅರ್ಥ ಮಾಡಿಕೊಳ್ಳುತ್ತಿದ್ದೆವು? ಪಿಶಾಚಿ, ದರಿದ್ರ, ರಾಕ್ಷಸ ಎಂಬ ಬೈಗುಳಗಳೆಲ್ಲ ಈ ಅಧ್ಯಾಯದಲ್ಲೇ ಸುರಿಯುತ್ತವೆ. ಅಷ್ಟು ಹೊತ್ತಿಗೆ ಅವನು ಮಾಡಿದ ಅಪರಾಧ ಕಣ್ಣು ಬಿಟ್ಟದ್ದು ಮಾತ್ರ.

ಇದು ವಿಜ್ಞಾನದ ವಿರುದ್ಧದ ಕಾದಂಬರಿಯೇ ಅಂತ ನೀವು ನೇರವಾಗಿ ಕೇಳಿಲ್ಲ, ಆದರೂ ಪ್ರಶ್ನೆಯ ಹಿಂದೆ ಅದು ಇದೆ. ಸೃಷ್ಟಿಕರ್ತನ ಅದ್ಭುತ ಯಂತ್ರವನ್ನು ಮನುಷ್ಯ ಅಣಕಿಸಲು ಹೋದರೆ ಪರಿಣಾಮ ಘೋರ ಅಂತ 1831ರ ಮುನ್ನುಡಿಯಲ್ಲಿ ಮೇರಿ ಬರೆದದ್ದು ನಿಜ. ಅಷ್ಟರಲ್ಲಿ ಆಕೆ ವಿಲಿಯಂನನ್ನೂ ಅವನ ನಂತರ ಹುಟ್ಟಿದ ಕ್ಲಾರಾಳನ್ನೂ ಕಳೆದುಕೊಂಡಿದ್ದಳು, ಪರ್ಸಿ 1822ರಲ್ಲಿ ಸಮುದ್ರದಲ್ಲಿ ಮುಳುಗಿ ಸತ್ತಿದ್ದ. ಆ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಆದರೆ ಹದಿನೆಂಟರ ಮೇರಿ ಬರೆದ ಈ ಅಧ್ಯಾಯದೊಳಗೆ ದೇವರ ಕೋಪ ಎಲ್ಲೂ ಇಲ್ಲ. ಆಕಾಶದಿಂದ ಏನೂ ಬೀಳುವುದಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಬೆನ್ನು ಹಾಕುತ್ತಾನೆ.

ಬೆಳಗಿನ ಆರಕ್ಕೆ ಇಂಗೋಲ್‌ಸ್ಟಾಟ್ ಚರ್ಚಿನ ಗಡಿಯಾರ ಕಾಣುತ್ತದೆ. ಮಳೆಯಲ್ಲಿ ತೊಯ್ದು ಬೀದಿ ಅಲೆಯುವ ವಿಕ್ಟರನ ಮುಂದೆ ಸ್ವಿಟ್ಜರ್ಲೆಂಡಿನಿಂದ ಬಂದ ಗಾಡಿ ನಿಲ್ಲುತ್ತದೆ, ಬಾಲ್ಯದ ಗೆಳೆಯ ಕ್ಲೆರ್‌ವಲ್ ಇಳಿಯುತ್ತಾನೆ. ಮನೆಗೆ ಬಂದು, ದೆವ್ವಕ್ಕೆ ಹೆದರುವ ಮಕ್ಕಳು ಮಾಡುವ ಹಾಗೆ ಬಾಗಿಲನ್ನು ರಪ್ಪನೆ ತಳ್ಳಿ ನೋಡಿದರೆ ಕೋಣೆ ಖಾಲಿ. ವಿಕ್ಟರ್ ಖುಷಿಯಿಂದ ಚಪ್ಪಾಳೆ ತಟ್ಟುತ್ತಾನೆ. ಆ ಚಪ್ಪಾಳೆ ನನಗೆ ಇಡೀ ಕಾದಂಬರಿಯ ಅತ್ಯಂತ ಕ್ರೂರವಾದ ಸದ್ದು. ಎಲ್ಲಿ ಹೋದ, ಏನಾದ ಎಂಬ ಒಂದು ಪ್ರಶ್ನೆಯೂ ಅವನ ಬಾಯಿಂದ ಬರುವುದಿಲ್ಲ. ಮುಂದೆ ಅವನು ತಿಂಗಳುಗಟ್ಟಲೆ ಜ್ವರದಲ್ಲಿ ಮಲಗುತ್ತಾನೆ, ಕ್ಲೆರ್‌ವಲ್ ಪಕ್ಕದಲ್ಲಿ ಕೂತು ಆರೈಕೆ ಮಾಡುತ್ತಾನೆ.

ಇಲ್ಲಿ ಪುಸ್ತಕವನ್ನು ಮಡಚಬೇಡಿ. ಒಮ್ಮೆ ಸೀದಾ ಹನ್ನೊಂದನೇ ಅಧ್ಯಾಯ ತೆರೆಯಿರಿ. ಅದೇ ರಾತ್ರಿಯನ್ನು ಅಲ್ಲಿ ವಿಕ್ಟರ್ ಜೀವ ಕೊಟ್ಟವನೇ ತನ್ನ ಬಾಯಿಂದ ಹೇಳುತ್ತಾನೆ. ಚಾಚಿದ ಕೈಯ ಮಾತೇ ಎತ್ತುವುದಿಲ್ಲ. ನೆನಪಿರುವುದು ಕತ್ತಲೆ ಮತ್ತು ಚಳಿ. ವಿಕ್ಟರನ ಮನೆಯಿಂದ ಹೊರಡುವಾಗ ಚಳಿಯೆನಿಸಿ ಸಿಕ್ಕಿದ ಬಟ್ಟೆ ಹೊದ್ದುಕೊಂಡಿದ್ದ. ಅದರ ಜೇಬಿನಲ್ಲಿ ತನ್ನನ್ನು ಹೇಗೆ ಮಾಡಿದರೆಂಬ ದಿನಚರಿಯಿದೆ ಅಂತ ಅವನಿಗೆ ಗೊತ್ತಿಲ್ಲ, ಗೊತ್ತಿದ್ದರೂ ಓದಲು ಬಾರದು. ಊರಾಚೆಯ ಕಾಡಿನಲ್ಲಿ ಎಲ್ಲ ಕಡೆಯಿಂದ ನೋವು ಮುತ್ತಿದಾಗ ಕೂತು ಅಳುತ್ತಾನೆ. ಮರಗಳ ಮೇಲೆ ಚಂದ್ರ ಏರುವುದನ್ನು ಬೆರಗಿನಿಂದ ನೋಡುತ್ತಾನೆ. ಕೆಲವು ದಿನಗಳ ಮೇಲೆ, ಅಲೆಮಾರಿ ಭಿಕ್ಷುಕರು ಬಿಟ್ಟುಹೋದ ಒಂದು ಬೆಂಕಿ ಕಾಣುತ್ತದೆ. ಮೈ ಬೆಚ್ಚಗಾಗುತ್ತದೆ. ಖುಷಿ ತಡೆಯಲಾರದೆ ಉರಿಯುವ ಕೆಂಡದೊಳಗೆ ಕೈ ಚಾಚುತ್ತಾನೆ, ಚೀರಿ ಹಿಂದಕ್ಕೆಳೆದುಕೊಳ್ಳುತ್ತಾನೆ.